ಮನೆಯಂಗಳದ ಬೆತ್ಲೆಹೇಮ್: ನಮ್ಮ ಕುಟುಂಬಗಳಲ್ಲಿ ಕ್ರಿಸ್ತ ಜಯಂತಿ

ನಮ್ಮ ಇಗರ್ಜಿಯ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಕಟ್ಟಡದ ಇತಿಹಾಸವನ್ನೂ, ಸೇವೆ ಸಲ್ಲಿಸಿದ ಗುರುವರ್ಯರ ಚರಿತ್ರೆಯನ್ನೂ, ಶಾಲೆಯ ಬೆಳವಣಿಗೆಯನ್ನೂ ನನಗಿಂತ ಬಲ್ಲವರು ಬರೆದಿದ್ದಾರೆ. ನನ್ನ ಪಾಲಿಗೆ ಬಂದುದು ಕ್ರಿಸ್ತ ಜಯಂತಿಯ ವಿಷಯ. ದಾಖಲೆಗಳಿಗಾಗಿ ಗುರುಮನೆಯ ಕಪಾಟನ್ನು ತೆರೆದಾಗ ಜ್ಞಾನಸ್ನಾನದ ಪುಸ್ತಕ ಸಿಕ್ಕಿತು, ಮದುವೆಯ ಪುಸ್ತಕ ಸಿಕ್ಕಿತು, ಮರಣದ ಪುಸ್ತಕವೂ ಸಿಕ್ಕಿತು. ಆದರೆ ಡಿಸೆಂಬರ್ 24ರ ರಾತ್ರಿ ಯಾವ ಮನೆಯಲ್ಲಿ ಎಷ್ಟು ಮಂದಿ ಒಂದೇ ಸೂರಿನಡಿ ಮಲಗಿದ್ದರು, ಯಾವ ಅಜ್ಜಿಯ ಮಡಿಲಲ್ಲಿ ಯಾವ ಮಗು ನಿದ್ದೆಹೋಗಿತ್ತು ಎಂಬುದಕ್ಕೆ ಪುಸ್ತಕವಿಲ್ಲ. ಆ ಚರಿತ್ರೆ ಅಡುಗೆಮನೆಗಳಲ್ಲಿದೆ, ಜಗಲಿಗಳಲ್ಲಿದೆ, ಹಿರಿಯರ ಬಾಯಲ್ಲಿದೆ. ಆದುದರಿಂದ ಈ ಲೇಖನವೂ ಅರ್ಧ ಗ್ರಂಥಗಳಿಂದ, ಅರ್ಧ ಜಗಲಿಯಿಂದ ಬಂದುದೆಂದು ಓದುಗರು ಭಾವಿಸಬೇಕು.

ಹಬ್ಬದ ದಿನ ಎಲ್ಲಿಂದ ಬಂತೆಂಬುದನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಪ್ರಭುವಿನ ಜನನದ ತಿಂಗಳನ್ನಾಗಲಿ ತಾರೀಖನ್ನಾಗಲಿ ಶುಭಸಂದೇಶಕಾರರು ಹೇಳಿಲ್ಲ. ರೋಮಿನಲ್ಲಿ ಕ್ರಿ.ಶ. 354ರಲ್ಲಿ ಸಂಕಲನಗೊಂಡ ಒಂದು ಪಂಚಾಂಗದಲ್ಲಿ ಡಿಸೆಂಬರ್ 25ನ್ನು ಕ್ರಿಸ್ತರು ಬೆತ್ಲೆಹೇಮಿನಲ್ಲಿ ಜನಿಸಿದ ದಿನವೆಂದು ಗುರುತಿಸಲಾಗಿದೆ; ಅದಕ್ಕೆ ಆಧಾರವಾದ ಪಟ್ಟಿ 336ರಷ್ಟು ಹಿಂದಿನದೆಂದು ವಿದ್ವಾಂಸರ ಮತ. ಇಷ್ಟು ಸಾಕು. ತಾರೀಖಿಗಿಂತ ನನಗೆ ಕುತೂಹಲಕರವಾಗಿ ಕಂಡುದು ಸಂತ ಲೂಕರು ಬರೆದಿರುವ ಮನೆಯ ಮಾತುಗಳು. ಸ್ನಾನಿಕ ಯೊವಾನ್ನರು ಜನಿಸಿದಾಗ ನೆರೆಹೊರೆಯವರೂ ಬಂಧುಗಳೂ ಕೂಡಿ ಸಂತೋಷಪಟ್ಟರು. ಹೆಸರಿಡುವ ಹೊತ್ತಿಗೆ ಅದೇ ಬಂಧುಗಳು ತಂದೆಯ ಹೆಸರನ್ನೇ ಇಡಬೇಕೆಂದು ಪಟ್ಟುಹಿಡಿದರು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಕರಾವಳಿಯ ಮನೆಗಳಲ್ಲಿ ಈ ಜಗಳ ಯಾರಿಗೂ ಹೊಸದಲ್ಲ! ಮುಂದೆ ಹನ್ನೆರಡು ವರ್ಷದ ಬಾಲ ಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟಾಗ ಮರಿಯಮ್ಮನೂ ಜೋಸೆಫರೂ ಒಂದು ದಿನದ ದಾರಿ ನಡೆಯುವ ತನಕ ಹುಡುಕಲಿಲ್ಲ. ಬಂಧುಬಳಗದವರ ನಡುವೆ ಎಲ್ಲೋ ಇರಬೇಕೆಂದು ಬಗೆದಿದ್ದರು. ಆ ಪವಿತ್ರ ಕುಟುಂಬ ಮೂವರೇ ಇದ್ದ ಒಂಟಿ ಸಂಸಾರವಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ?

ಮಕ್ಕಳ ಕೈಗೆ ಈ ಹಬ್ಬವನ್ನು ಒಪ್ಪಿಸಿದವರು ಅಸಿಸಿಯ ಸಂತ ಫ್ರಾನ್ಸಿಸರು ಎಂದರೆ ತಪ್ಪಾಗಲಾರದು. 1223ರಲ್ಲಿ ಅವರು ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿದ್ದರು. ಹಬ್ಬಕ್ಕೆ ಹದಿನೈದು ದಿನ ಮುಂಚಿತವಾಗಿ ಆ ಊರಿನ ಜೊವಾನ್ನಿ ಎಂಬ ಗೃಹಸ್ಥರನ್ನು ಕರೆದು, ಒಂದು ಗೋದಲಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಷ್ಟನ್ನು ಸಿದ್ಧಪಡಿಸುವಂತೆ ಕೇಳಿಕೊಂಡರು. ಬೆತ್ಲೆಹೇಮಿನ ಆ ಶಿಶು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕೆಂಬುದೇ ಅವರ ಬಯಕೆ. ಹಬ್ಬದ ರಾತ್ರಿ ಊರಿನ ಗಂಡಸರು ಹೆಂಗಸರು ದೀವಟಿಗೆ, ಮೇಣದ ಬತ್ತಿಗಳನ್ನು ಹಿಡಿದು ಗುಡ್ಡವೇರಿದರು. ಗೋದಲಿಯ ಮೇಲೆಯೇ ಬಲಿಪೂಜೆ ನೆರವೇರಿತು. ಫ್ರಾನ್ಸಿಸರು ಯಾಜಕರಲ್ಲ, ಉಪಯಾಜಕರು. ಶುಭಸಂದೇಶವನ್ನು ಹಾಡಿ ಪ್ರಬೋಧನೆ ಮಾಡಿದರು. ಬೆತ್ಲೆಹೇಮ್ ಎಂಬ ಪದವನ್ನು ಉಚ್ಚರಿಸುವಾಗ ಅವರ ದನಿ ಕುರಿಮರಿ ಕೂಗಿದಂತೆ ಕೇಳಿಸುತ್ತಿತ್ತೆಂದು ಅವರ ಪ್ರಥಮ ಚರಿತ್ರಕಾರರಾದ ಚೆಲಾನೊದ ತೊಮಾಸರು ಬರೆದಿದ್ದಾರೆ. ಆ ಗೋದಲಿಯ ಹುಲ್ಲನ್ನು ಜನ ಕಾದಿರಿಸಿಕೊಂಡರು. ಅದನ್ನು ತಿಂದ ರೋಗದ ದನಗಳು ಚೇತರಿಸಿಕೊಂಡವೆಂದೂ ಅವರೇ ಹೇಳುತ್ತಾರೆ. ಹಟ್ಟಿಯಲ್ಲಿ ದನ ಕಟ್ಟಿ ಬೆಳೆದ ನಮಗೆ ಈ ಕೊನೆಯ ಮಾತು ಇತಿಹಾಸಕಾರರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. 2019ರ ಡಿಸೆಂಬರ್ 1ರಂದು ಜಗದ್ಗುರು ಫ್ರಾನ್ಸಿಸರು ಅದೇ ಗ್ರೆಚ್ಚೊಗೆ ಹೋಗಿ, ಗೋದಲಿಯನ್ನು ಮನೆಮನೆಗಳಲ್ಲಿ ಕಟ್ಟುವ ಪದ್ಧತಿಯನ್ನು ಕೈಬಿಡಬಾರದೆಂದು ಪ್ರೇರಿತ ಪತ್ರವೊಂದಕ್ಕೆ ಸಹಿ ಹಾಕಿದರು. 2023ಕ್ಕೆ ಆ ಮೊದಲ ಗೋದಲಿಗೆ ಎಂಟುನೂರು ವರ್ಷ ತುಂಬಿತು.

ಇನ್ನು ನಮ್ಮ ನಾಡಿಗೆ ಬರೋಣ. ಕೆನರಾ ಕರಾವಳಿಗೆ ಈ ಹಬ್ಬ ಪೋರ್ತುಗೀಸರ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ ಬಂದು, ಅನಂತರ ಗೋವೆಯಿಂದ ವಲಸೆ ಬಂದ ಕುಟುಂಬಗಳೊಂದಿಗೆ ಬೇರೂರಿತು. ಅವರು ಹೊತ್ತು ತಂದ ಗಂಟಿನಲ್ಲಿ ಏನೇನಿತ್ತೆಂಬುದನ್ನು ಇಂದಿನ ನಮ್ಮ ಮಾತುಗಳೇ ಹೇಳುತ್ತವೆ. ಹಬ್ಬಕ್ಕೆ ಫೆಸ್ತ್ ಎನ್ನುತ್ತೇವೆ, ಕ್ರಿಸ್ತ ಜಯಂತಿಗೆ ನತಾಲಾಂ ಎನ್ನುತ್ತೇವೆ. ಎರಡೂ ಪೋರ್ತುಗೀಸ್ ಮೂಲದ ಪದಗಳು. ರಾತ್ರಿ ಜಪಸರ ಮುಗಿದ ಬಳಿಕ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ ಬೇಡುವ ಬೆಸಾಂವ್ ಸಹ ಅಲ್ಲಿಂದಲೇ ಬಂತು. ಹಬ್ಬದ ತಿಂಡಿಗಳಿಗೆ ನಾವು ಹೇಳುವ ಕುಸ್ವಾರ್ ಎಂಬ ಹೆಸರು ಪೋರ್ತುಗೀಸರ ಕೊನ್ಸೊಆದಾ ಎಂಬ ಪದದಿಂದ ಬಂದಿರಬೇಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಉಪವಾಸದ ದಿನ ರಾತ್ರಿ ಸೇವಿಸುವ ಲಘು ಆಹಾರಕ್ಕೆ ಅವರಲ್ಲಿ ಆ ಹೆಸರು. ಉಪವಾಸದ ಪದ ನಮ್ಮಲ್ಲಿ ಕರಿದ ತಿಂಡಿಯ ಹೆಸರಾದುದು ನಮ್ಮ ಜನರ ಜಾಣತನ!

ಈ ಹಬ್ಬಕ್ಕೆ ಬಂದ ಅತಿ ಕಠಿಣ ಪರೀಕ್ಷೆಯ ಬಗ್ಗೆ ಇಲ್ಲಿ ಕೊಂಚ ನಿಲ್ಲಬೇಕಾಗಿದೆ. 1784ರ ಫೆಬ್ರವರಿಯಲ್ಲಿ, ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ, ಕೆನರಾದ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಬೇರೆ ಬೇರೆ ಬರಹಗಳಲ್ಲಿ ಬೇರೆ ಬೇರೆ ಲೆಕ್ಕಗಳಿವೆ. ಹತ್ತಾರು ಸಾವಿರ ಮಂದಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು, ಹರೆಯದವರನ್ನು ಸೈನ್ಯಕ್ಕೆ ಸೇರಿಸಲಾಯಿತು, ಕುಟುಂಬಗಳು ಒಡೆದವು. ಊರಿನ ಇಗರ್ಜಿಗಳು ಬಹುಮಟ್ಟಿಗೆ ನೆಲಕಚ್ಚಿದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಹಿಂದಿರುಗಿದರು.

ಲೆಕ್ಕ ಹಾಕಿ ನೋಡಿ: 1784ರಿಂದ 1798ರ ತನಕ ಹದಿನೈದು ಕ್ರಿಸ್‌ಮಸ್ ರಾತ್ರಿಗಳು. ಸೆರೆಯಾದ ವರ್ಷ ಹುಟ್ಟಿದ ಮಗು ಊರಿಗೆ ಮರಳುವಾಗ ಹದಿನೈದರ ಹರೆಯಕ್ಕೆ ಬಂದಿತ್ತು. ಅದು ತನ್ನ ಊರಿನ ಇಗರ್ಜಿಯ ಗಂಟೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಆದರೂ ಊರಿಗೆ ಮರಳಿದ ಜನ ಮತ್ತೆ ಇಗರ್ಜಿಗಳನ್ನು ಕಟ್ಟಿದರು, ಮತ್ತೆ ನತಾಲಾಂ ಆಚರಿಸಿದರು. ಪೂಜೆ ಇಲ್ಲದ, ಗೋಪುರವಿಲ್ಲದ, ಬಹುತೇಕ ಗುರುಗಳ ಸೇವೆಯೂ ದೊರೆಯದ ಆ ವರ್ಷಗಳಲ್ಲಿ ಮಕ್ಕಳಿಗೆ ಬಾಲ ಯೇಸುವಿನ ಕಥೆಯನ್ನು ಹೇಳಿಕೊಟ್ಟವರು ಯಾರು? ಹೆಸರುಗಳು ಉಳಿದಿಲ್ಲ. ಪುಸ್ತಕ ಹಿಡಿದು ಓದಬಲ್ಲವರು ವಿರಳವಾಗಿದ್ದ ಕಾಲ ಅದು. ತಾಯಂದಿರು, ಅಜ್ಜಿಯರು, ಚಿಕ್ಕಮ್ಮಂದಿರು, ತಂದೆತಾಯಿ ಸತ್ತ ಮಕ್ಕಳನ್ನು ತಮ್ಮವರೆಂದು ಸಾಕಿದ ದೂರದ ಬಂಧುಗಳು: ಇವರಲ್ಲದೆ ಬೇರೆ ಯಾರೂ ಇರಲಾರರೆಂಬುದು ನನ್ನ ಊಹೆ. ಇಗರ್ಜಿಯ ಹಬ್ಬ ಮನೆಯಲ್ಲಿ ಬದುಕಿಕೊಂಡಿತ್ತು. ಆದುದರಿಂದಲೇ ಮನೆಯಿಂದ ಇಗರ್ಜಿಗೆ ಅದು ಮತ್ತೆ ನಡೆದುಬಂತು.

ನಮ್ಮ ಈ ಇಗರ್ಜಿ ಸ್ಥಾಪನೆಯಾದ ಕಾಲದ, ಎಂದರೆ 1920ರ ದಶಕದ ಹಬ್ಬವನ್ನು ನಾವು ಹಿರಿಯರಿಂದ ಕೇಳಿದ್ದೇವೆ. ನಮ್ಮಲ್ಲಿ ಬಹುಪಾಲು ಮನೆಗಳು ಗೇಣಿಯ ಒಕ್ಕಲುಗಳು. ಏಣೇಲು ಬೆಳೆ ಕೊಯ್ದು, ಭತ್ತ ಬಡಿದು, ಧಣಿಗಳ ಗೇಣಿ ಅಳೆದುಕೊಟ್ಟ ಮೇಲೆ ಉಳಿದುದು ಮನೆಯ ಕಣಜಕ್ಕೆ. ಆ ಹೊತ್ತಿಗೆ ಡಿಸೆಂಬರ್ ಬರುತ್ತಿತ್ತು. ಆದುದರಿಂದ ಅಕ್ಕಿ, ತೆಂಗು, ಬೆಲ್ಲ ಇವು ಮೂರೂ ಮನೆಯಲ್ಲಿ ಒಟ್ಟಿಗೆ ಇರುವ ಕಾಲವೇ ಹಬ್ಬದ ಕಾಲವಾಯಿತು. ಕುಸ್ವಾರಿನಲ್ಲಿ ಅಕ್ಕಿಹಿಟ್ಟಿನ ಗುಳಿಯೊ, ಎಳ್ಳುಂಡೆ, ಚಕ್ಕುಲಿ ಇವು ಈ ನೆಲದ ತಿಂಡಿಗಳೇ; ನೆವ್ರ್ಯೊ ಎಂಬುದು ನಮ್ಮ ನೆರೆಯ ಹಿಂದೂ ಬಾಂಧವರ ಕರ್ಜಿಕಾಯಿಯ ಅಕ್ಕ ಅಥವಾ ತಂಗಿ. ಮೈದಾ ಹಿಟ್ಟಿನವು ಬಹುಶಃ ತಡವಾಗಿ ಬಂದವು. ಮಹಾಯುದ್ಧದ ಕಾಲದಲ್ಲಿ ಸಕ್ಕರೆ, ಸೀಮೆಎಣ್ಣೆಗಳಿಗೆ ಪಡಿತರ ಬಂದಾಗ ಸಕ್ಕರೆಪಾಕದ ಬದಲು ಬೆಲ್ಲದ ಪಾಕವೇ ನಡೆಯಿತೆಂದೂ, ತಿಂಡಿ ಕಪ್ಪಗಾದರೂ ಮಕ್ಕಳು ತಕರಾರು ಮಾಡಲಿಲ್ಲವೆಂದೂ ನಮ್ಮ ಅಜ್ಜಿ ಹೇಳುತ್ತಿದ್ದರು.

ಕಿಡ್ಯೊ ಮಾಡುವ ಸಂಜೆಯನ್ನು ಮಾತ್ರ ವಿವರವಾಗಿ ಹೇಳದೆ ಇರಲಾರೆ. ತೆಂಗಿನ ಹಾಲಿನಲ್ಲಿ ನಾದಿದ ಹಿಟ್ಟಿನ ಮುದ್ದೆಯನ್ನು ದೊಡ್ಡಮ್ಮ ಚಾಪೆಯ ನಡುವೆ ಇಡುತ್ತಿದ್ದರು. ಸುತ್ತಲೂ ಮನೆಯ ಮಕ್ಕಳೆಲ್ಲರೂ: ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು, ರಜೆಗೆಂದು ಬಂದ ಅತ್ತೆಯ ಮಕ್ಕಳು. ಒಬ್ಬೊಬ್ಬರ ಕೈಗೂ ಒಂದು ಹೊಸ ಬಾಚಣಿಗೆ, ಸಿಕ್ಕದವರಿಗೆ ಮುಳ್ಳುಚಮಚ. ಗೋಲಿಯಷ್ಟು ಹಿಟ್ಟನ್ನು ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡಿ ಬಿಡಿಸಿದರೆ ಗೆರೆಗೆರೆಯಾದ ಹುಳುವೊಂದು ಹುಟ್ಟುತ್ತಿತ್ತು. ಕಿಡ್ಯೊ ಎಂದರೆ ಹುಳುಗಳೇ. ಮೂರು ವರ್ಷದ ಮಗು ಮಾಡಿದ್ದು ಹುಳುವಿನಂತೆಯೂ ಇರುತ್ತಿರಲಿಲ್ಲ, ತಿಂಡಿಯಂತೆಯೂ ಇರುತ್ತಿರಲಿಲ್ಲ. ಆದರೆ ಅದನ್ನು ಎಸೆಯುವ ಪದ್ಧತಿ ಇರಲಿಲ್ಲ. ಎಲ್ಲವೂ ಒಂದೇ ಬಾಣಲೆಗೆ ಬಿದ್ದು, ಒಂದೇ ಎಣ್ಣೆಯಲ್ಲಿ ಕರಿದು, ಒಂದೇ ಪಾಕದಲ್ಲಿ ಹೊರಳಿ ಡಬ್ಬಿ ಸೇರುತ್ತಿದ್ದವು. ಹಬ್ಬದ ಮುಂಚೆ ಡಬ್ಬಿಗೆ ಕೈಹಾಕಬಾರದೆಂಬುದು ಕಟ್ಟಳೆ. ಕಟ್ಟಳೆ ಎಷ್ಟರಮಟ್ಟಿಗೆ ಪಾಲನೆಯಾಯಿತೆಂಬುದನ್ನು ಇಗರ್ಜಿಯ ಪುಸ್ತಕದಲ್ಲಿ ಬರೆಯದಿರುವುದೇ ಲೇಸು. ಕೆಲಸ ನಡೆಯುತ್ತಿರುವಾಗಲೇ ಯಾರೋ ಹಿರಿಯರು ಜಪಸರವನ್ನು ಆರಂಭಿಸುತ್ತಿದ್ದರು. ಕೈಯಲ್ಲಿ ಹಿಟ್ಟು, ಬಾಯಲ್ಲಿ ನಮೋ ಮರಿಯ. ಮಕ್ಕಳಿಗೆ ಧರ್ಮೋಪದೇಶದ ಮೊದಲ ತರಗತಿ ಅದೇ.

ತಿಂಡಿಯ ಮೊದಲ ತಟ್ಟೆಗಳು ಹೋಗುತ್ತಿದ್ದುದು ನೆರೆಮನೆಗಳಿಗೆ, ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ. ತಟ್ಟೆ ಹೊತ್ತು ಹೋಗುವವರು ಮಕ್ಕಳು. ಚೌತಿಯ ಪಂಚಕಜ್ಜಾಯ ಬಂದ ತಟ್ಟೆಯೇ ಎಷ್ಟೋ ಬಾರಿ ಕುಸ್ವಾರ್ ಹೊತ್ತು ಹಿಂದಿರುಗುತ್ತಿತ್ತು. ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ ಕಟ್ಟುವ ನಕ್ಷತ್ರವೂ ನೆರೆಮನೆಯ ದೀಪಾವಳಿಯ ಗೂಡುದೀಪವೂ ಒಂದೇ ಕೈಕೆಲಸದ ಎರಡು ರೂಪಗಳು; ಕಡ್ಡಿ ಸೀಳುವುದನ್ನು ನನಗೆ ಕಲಿಸಿದವರು ನೆರೆಮನೆಯ ಅಣ್ಣ. ಗೋದಲಿಯಂತೂ ಪೂರ್ಣವಾಗಿ ಮಕ್ಕಳ ಆಡಳಿತ. ಡಿಸೆಂಬರ್ ಎರಡನೆಯ ವಾರ ರಾಗಿಯನ್ನು ನೆನೆಹಾಕಿ ತೆಂಗಿನ ಗೆರಟೆಗಳಲ್ಲಿ ಬಿತ್ತಿದರೆ ಹಬ್ಬಕ್ಕೆ ಬೆರಳುದ್ದ ಹಸುರು ಸಿದ್ಧ. ಹಟ್ಟಿಯಿಂದ ಬೈಹುಲ್ಲು, ತೋಡಿನಿಂದ ಮರಳು, ಒಡೆದ ಕನ್ನಡಿಯ ಚೂರಿನ ಕೆರೆ. ಆಗಮನ ಕಾಲದಲ್ಲಿ ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಹುಲ್ಲಿನೆಳೆಯನ್ನು ಗೋದಲಿಯಲ್ಲಿಡುವಂತೆ ಕೆಲವು ಮನೆಗಳಲ್ಲಿ ಹೇಳುತ್ತಿದ್ದರು. ಬಾಲ ಯೇಸುವಿನ ಹಾಸಿಗೆ ತೆಳ್ಳಗಾದ ವರ್ಷಗಳೂ ಇದ್ದವು. ನಡುರಾತ್ರಿಯ ಪೂಜೆಯಿಂದ ಮರಳಿದ ಮೇಲೆ ಮನೆಯ ಅತಿ ಕಿರಿಯ ಮಗುವಿನ ಕೈಯಿಂದಲೇ ಬಾಲ ಯೇಸುವಿನ ಪ್ರತಿಮೆಯನ್ನು ಹುಲ್ಲಿನ ಮೇಲೆ ಮಲಗಿಸಲಾಗುತ್ತಿತ್ತು, ಅತಿ ಹಿರಿಯರು ಪ್ರಾರ್ಥನೆ ಹೇಳುತ್ತಿದ್ದರು.

ನಡುರಾತ್ರಿಯ ಪೂಜೆಗೆ ಹೋಗುವುದೆಂದರೆ ಗದ್ದೆಯ ಹುಣಿಯ ಮೇಲೆ ತೆಂಗಿನ ಗರಿಯ ಸೂಟೆ ಬೀಸುತ್ತಾ ಸಾಲಾಗಿ ನಡೆಯುವುದು. ಪುಟ್ಟವರು ಅಜ್ಜನ ಹೆಗಲ ಮೇಲೆ. ಮನೆಮಾತು ಕೊಂಕಣಿ, ಶಾಲೆಯ ಮಾತು ಕನ್ನಡ, ಪೇಟೆಯ ಮಾತು ತುಳು, ಪೀಠದ ಮಾತು ಲತೀನು. ನಾಲ್ಕನ್ನೂ ಕೇಳುತ್ತಾ ಬೆಳೆದ ಮಕ್ಕಳು ಪೂಜೆಯ ಅರ್ಧಕ್ಕೆ ಚಾಪೆಯ ಮೇಲೆ ನಿದ್ದೆಹೋಗುತ್ತಿದ್ದರು. ಬಾಲ ಯೇಸುವಿನ ಪ್ರತಿಮೆಗೆ ಮುತ್ತಿಡುವ ಹೊತ್ತಿಗೆ ಮಾತ್ರ ಎಬ್ಬಿಸದಿದ್ದರೆ ಮರುದಿನ ಮನೆಯಲ್ಲಿ ಅಳು!

ಧರ್ಮಸಭೆಯ ಕಟ್ಟಳೆಗಳೂ ಈ ಶತಮಾನದಲ್ಲಿ ಮಕ್ಕಳ ಕಡೆಗೆ ಬಾಗಿದುದನ್ನು ನಾವು ಗಮನಿಸಬೇಕು. ಮೊದಲು ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷ ತುಂಬುವ ತನಕ ಮಕ್ಕಳಿಗೆ ಪರಮಪ್ರಸಾದವಿರಲಿಲ್ಲ. 1910ರ ಆಗಸ್ಟ್ 8ರ ಆಜ್ಞಾಪತ್ರದಿಂದ ಹತ್ತನೆಯ ಭಕ್ತಿನಾಥರು ವಿವೇಚನೆಯ ವಯಸ್ಸು ಬಂದ, ಸುಮಾರು ಏಳು ವರ್ಷದ, ಮಕ್ಕಳಿಗೂ ಅದನ್ನು ತೆರೆದುಕೊಟ್ಟರು. ನಮ್ಮ ಇಗರ್ಜಿ ಅದರ ಬಳಿಕ ಹುಟ್ಟಿದ್ದರಿಂದ ಮೊದಲ ವರ್ಷದಿಂದಲೇ ಇಲ್ಲಿನ ಪುಟ್ಟ ಮಕ್ಕಳು ಹಬ್ಬದ ದಿನ ಹಿರಿಯರ ಪಕ್ಕದಲ್ಲಿ ಮೊಣಕಾಲೂರಿದರು. ಆದರೆ ಉಪವಾಸ ಕಠಿಣವಾಗಿತ್ತು. ನಡುರಾತ್ರಿಯಿಂದ ಒಂದು ಹನಿ ನೀರೂ ಕೂಡದು. ಹಬ್ಬದ ಬೆಳಗಿನ ಪೂಜೆಗೆ ನಡೆದುಬಂದ ಮಕ್ಕಳು ತಲೆಸುತ್ತಿ ಬಿದ್ದುದನ್ನು ಹಿರಿಯರು ನೆನೆಯುತ್ತಾರೆ. 1953ರಲ್ಲಿ ನೀರಿಗೆ ಅನುಮತಿ ದೊರೆಯಿತು, 1957ರಲ್ಲಿ ಉಪವಾಸ ಮೂರು ಗಂಟೆಗಿಳಿಯಿತು, 1964ರಲ್ಲಿ ಒಂದೇ ಗಂಟೆಗೆ ಬಂತು. ಹಬ್ಬದ ಮುನ್ನಾದಿನವೂ ಹಿಂದೆ ಉಪವಾಸದ, ಮಾಂಸವರ್ಜನೆಯ ದಿನವೇ. ಆರನೆಯ ಪೌಲರು 1966ರಲ್ಲಿ ಪ್ರಾಯಶ್ಚಿತ್ತದ ನಿಯಮಗಳನ್ನು ಹೊಸದಾಗಿ ರೂಪಿಸಿದಾಗ ಆ ಕಡ್ಡಾಯ ನಿಂತಿತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆದ ಮೇಲೆ, ಅಜ್ಜಿಗೂ ಮೊಮ್ಮಗುವಿಗೂ ಕ್ರಿಸ್‌ಮಸ್ ಪೂಜೆಯ ಮಾತು ಒಂದೇ ಬಾರಿಗೆ ಅರ್ಥವಾಯಿತು. ಎಪ್ಪತ್ತು ವರ್ಷ ಕೇಳಿದ ಪೂಜೆಯ ಅರ್ಥ ತಿಳಿದ ಹಿರಿಯರು ಏನೆಂದುಕೊಂಡರೋ! ಲತೀನೇ ಚೆನ್ನಾಗಿತ್ತು ಎಂದವರೂ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಕಟ್ಟಳೆ ಹಗುರವಾದಂತೆ ಮನೆಗಳೂ ಹಗುರವಾದವು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ನಮ್ಮ ಜನರಿಗೆ ಅದು ವರವೇ ಸರಿ. ಆದರೆ ಒಡೆತನ ಬಂದ ಮೇಲೆ ಪಾಲೂ ಬಂತು; ಒಂದು ಮನೆಯಲ್ಲಿ ಒಂದೇ ಇದ್ದ ಒಲೆ ನಾಲ್ಕಾಯಿತು. ಮುಂಬಯಿಗೆ ಹೋಗುವವರು ಅದಕ್ಕೂ ಮೊದಲೇ ಹೋಗುತ್ತಿದ್ದರು. ಎಪ್ಪತ್ತರ ದಶಕದಿಂದ ಕೊಲ್ಲಿ ರಾಷ್ಟ್ರಗಳ ದಾರಿ ತೆರೆಯಿತು. ಹಬ್ಬಕ್ಕೆ ಬರುವವರನ್ನು ಕಾಯುವುದೇ ಹಬ್ಬದ ಮುಖ್ಯ ಕೆಲಸವಾಯಿತು. ಬಜ್ಪೆಯ ವಿಮಾನ ನಿಲ್ದಾಣ ಉದ್ಘಾಟನೆಯಾದುದು 1951ರ ಡಿಸೆಂಬರ್ 25ರಂದು, ಪಂಡಿತ ನೆಹರೂ ಅವರ ವಿಮಾನ ಬಂದಿಳಿದಾಗ. ಅಂದು ಕ್ರಿಸ್‌ಮಸ್ ಊಟಕ್ಕೆ ಕುಳಿತಿದ್ದ ನಮ್ಮ ಹಿರಿಯರು ತಮ್ಮ ಮೊಮ್ಮಕ್ಕಳು ಒಂದು ದಿನ ಅದೇ ಗುಡ್ಡದಿಂದ ಹಾರಿಹೋಗುವರೆಂದೂ, ಅದೇ ಗುಡ್ಡದಲ್ಲಿ ಅವರಿಗಾಗಿ ಕಾಯಬೇಕಾದೀತೆಂದೂ ಎಣಿಸಿರಲಿಕ್ಕಿಲ್ಲ. ಕೊಂಕಣ ರೈಲು 1998ರ ಜನವರಿಯಲ್ಲಿ ಪೂರ್ಣವಾಗಿ ಓಡತೊಡಗಿದ ಮೇಲೆ ಮುಂಬಯಿಯ ಮಕ್ಕಳು ರಾತ್ರಿ ಹೊರಟು ಮರುದಿನ ಮನೆಯಂಗಳಕ್ಕೆ ಬಂದರು. 2006ರಿಂದ ಮಂಗಳೂರಿನಿಂದಲೇ ದುಬಾಯಿಗೆ ವಿಮಾನ ಹಾರಿತು. ದಾರಿ ಹತ್ತಿರವಾಯಿತು, ರಜೆ ಮಾತ್ರ ಚಿಕ್ಕದಾಗಿಯೇ ಉಳಿಯಿತು.

2020ರ ಕ್ರಿಸ್‌ಮಸ್ ನಮ್ಮೆಲ್ಲರ ನೆನಪಿನಲ್ಲಿದೆ. ಸಾಂಕ್ರಾಮಿಕದ ಆ ವರ್ಷ ಅರುವತ್ತೈದು ವರ್ಷ ಮೀರಿದವರೂ ಹತ್ತು ವರ್ಷದೊಳಗಿನ ಮಕ್ಕಳೂ ಮನೆಯಲ್ಲಿಯೇ ಇರುವುದು ಒಳ್ಳೆಯದೆಂದು ಸರಕಾರ ಸಲಹೆಯಿತ್ತಿತ್ತು. ಹಬ್ಬಕ್ಕೆ ಯಾರು ಮುಖ್ಯರೋ ಅವರಿಬ್ಬರನ್ನೇ ಬಿಟ್ಟು ಇಗರ್ಜಿಗೆ ಹೋಗಬೇಕಾಗಿ ಬಂತು. ನಾನು ಆ ರಾತ್ರಿ ಬೆಂಚಿನ ಮೇಲೆ ಕುಳಿತು, ಇಷ್ಟು ನಿಶ್ಶಬ್ದವಾದ ನಡುರಾತ್ರಿಯ ಪೂಜೆಯನ್ನು ಎಂದೂ ಕಂಡಿಲ್ಲವೆಂದುಕೊಂಡೆ. ಅಳುವ ಮಗು ಒಂದೂ ಇರಲಿಲ್ಲ. ಮರಳಿ ಮನೆಗೆ ಬಂದಾಗ ದೀಪ ಉರಿಯುತ್ತಿತ್ತು. ಎಂಬತ್ತು ದಾಟಿದ ನನ್ನ ತಾಯಿಯೂ ನಾಲ್ಕು ವರ್ಷದ ಮೊಮ್ಮಗುವೂ ಗೋದಲಿಯ ಮುಂದೆ ಕುಳಿತಿದ್ದರು. ಟಿ.ವಿ.ಯಲ್ಲಿ ಪೂಜೆ ಮುಗಿದಿತ್ತು. ತಾಯಿ ಬಾಲ ಯೇಸುವಿನ ಕಥೆಯನ್ನು ತಮಗೆ ತಿಳಿದಂತೆ ಹೇಳುತ್ತಿದ್ದರು. ಅವರ ಕಥೆಯಲ್ಲಿ ಗೋದಲಿಯ ಎತ್ತಿಗೆ ನಮ್ಮ ಹಟ್ಟಿಯಲ್ಲಿ ಹಿಂದೆ ಇದ್ದ ಎತ್ತಿನ ಹೆಸರಿತ್ತು. ಮಗು ಪ್ರತಿಮೆಯನ್ನು ಇನ್ನೂ ಹುಲ್ಲಿನ ಮೇಲೆ ಇಟ್ಟಿರಲಿಲ್ಲ. ನಾವೆಲ್ಲರೂ ಬರಲಿ ಎಂದು ಎರಡೂ ಕೈಗಳಿಂದ ಹಿಡಿದುಕೊಂಡು ಕಾಯುತ್ತಿತ್ತು.